ಎಲ್ಲಿದೆ ಎಂದು ಕೇಳಬೇಕಿಲ್ಲದ ವಸ್ತುಗಳು

ಒಡೀಲ್ ಬೆರ್ತೆ ನಮ್ಮ ಪ್ರಯೋಗಾಲಯಕ್ಕೆ ಸೇರಿದಾಗ ಫ್ರಾನ್ಸಿನ ಗ್ರೆನೋಬಲ್‌ನ ಬೀದಿಗಳಲ್ಲಿ ಟ್ರಾಮ್ ಹಳಿಗಳನ್ನು ಇನ್ನೂ ಹಾಸುತ್ತಿದ್ದರು. ಗಣಿತ ಓದಿದವಳು, ಮಾತು ಕಡಿಮೆ. ತಂದೆ ವಿನೇ ಊರಿನ ಅಕ್ರೋಟು ಬೆಳೆಗಾರ. ನನ್ನ ಎದುರಿನ ಮೇಜು ಅವಳದಾಯಿತು.

ಆಗ ನಮ್ಮ ತಂಡಕ್ಕೆ ಒಂದು ದೊಡ್ಡ ಆಸೆ. ತಂತಿಯಿಂದ ಕೂಡಿಸಿದ ಹಲವು ಕಂಪ್ಯೂಟರುಗಳು ಬಳಸುವವರಿಗೆ ಒಂದೇ ಕಂಪ್ಯೂಟರಿನಂತೆ ಅನ್ನಿಸಬೇಕು. ಮಾಹಿತಿಯನ್ನೂ ಅದರಿಂದ ಮಾಡಿಸಬಹುದಾದ ಕೆಲಸವನ್ನೂ ಒಟ್ಟಿಗೆ ಕಟ್ಟಿದ ಗಂಟಿಗೆ ನಾವು ‘ವಸ್ತು’ ಎನ್ನುತ್ತಿದ್ದೆವು. ಒಂದು ನಕ್ಷೆ ಒಂದು ವಸ್ತು. ಅದು ಯಾವ ಯಂತ್ರದಲ್ಲಿದೆ ಎಂಬುದು ಕರೆಯುವವರಿಗೆ ಗೊತ್ತಿರಬೇಕಾಗಿಲ್ಲ. ಹುಡುಕುವುದು, ತರುವುದು ಎಲ್ಲ ಆಪರೇಟಿಂಗ್ ಸಿಸ್ಟಮ್ಮಿನ ತಲೆನೋವು. ಅಂಥದ್ದು ಪೇಟೆಯಲ್ಲಿ ಸಿಗುತ್ತಿರಲಿಲ್ಲ, ಹಾಗಾಗಿ ನಾವೇ ಬರೆಯಲು ಕೂತೆವು. ಹುಡುಕುವ ಭಾಗ ಒಡೀಲಳ ಪಾಲಿಗೆ ಬಂತು.

ಅದು ಅವಳ ಯೌವನವನ್ನು ತಿಂದಿತು ಎಂದರೆ ಹೆಚ್ಚಾಗಲಾರದು. ವಸ್ತು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ವಿಳಾಸವನ್ನು ಹಿಂದೆ ಬಿಟ್ಟು ಹೋಗಬೇಕು. ವಿಳಾಸ ಬಿಟ್ಟುಬಂದ ಯಂತ್ರವೇ ನಿಂತುಹೋದರೆ ಜಾಡು ತಪ್ಪುತ್ತದೆ. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಮಧ್ಯಾಹ್ನ ಬ್ರೆಡ್ಡು, ಚೀಸು ಮೇಜಿನ ಮೇಲೇ ಮುಗಿಯುತ್ತಿತ್ತು. ಕುತ್ತಿಗೆ ನೋವು ಶುರುವಾಗಿ ನಿಲ್ಲಲೇ ಇಲ್ಲ. ಅವಳ ಜೊತೆ ಬಾಳುತ್ತಿದ್ದ ರೆಜಿಸ್ ಅವಳನ್ನು ಬಿಟ್ಟು ನಾಂತ್‌ಗೆ ಹೊರಟುಹೋದ. ಅದನ್ನು ಅವಳು ನನಗೆ ಹೇಳಿದ್ದು ಮುಂದಿನ ಚಳಿಗಾಲದಲ್ಲಿ.

ಒಂದು ಸೋಮವಾರ ತಂಡದ ಮುಖ್ಯಸ್ಥ ಜೆರಾರ್ ವಿಯಾಲ್ ನಮ್ಮ ಕೋಣೆಗೆ ಬಂದು ಬಾಗಿಲು ಮುಚ್ಚಿದ.

“ಏನು, ಬೈಯೋಕೆ ಬಂದ್ಯಾ?” ಎಂದಳು ಒಡೀಲ್.

“ಬೈಯೋಕೂ ಶಕ್ತಿ ಬೇಕಲ್ಲ. ನೋಡು, ಇರೋ ಸಿಸ್ಟಮ್ ಕಿತ್ತುಹಾಕಿ ನಮ್ಮದು ಹಾಕ್ಕೊಳ್ಳೋಕೆ ಯಾರೂ ತಯಾರಿಲ್ಲ. ಕಂಪನಿಗಳೆಲ್ಲ ಒಟ್ಟಿಗೆ ಕೂತು ಮಾತಾಡ್ಕೊಂಡಿದಾರೆ. ಇರೋದ್ರ ಮೇಲೇ ಒಂದು ಪದರ ಹಾಸಿ ಈ ಕೆಲಸ ಮಾಡ್ತಾರಂತೆ. ನಾವೂ ಹಾಗೇ ಮಾಡೋಣ. ನಿನ್ನ ಭಾಗ ಒಳಗಿಂದ ತೆಗೆದು ಮೇಲಕ್ಕೆ ತಂದುಬಿಡು.”

“ಒಳಂಗೀನ ಅಂಗಿ ಮೇಲೆ ಹಾಕ್ಕೋ ಅಂತೀಯ.”

“ಎಲ್ಲರೂ ಹಾಗೇ ಹಾಕ್ಕೊಂಡಿದಾರಲ್ಲ, ಈಗ ಅದೇ ಫ್ಯಾಷನ್ನು,” ಎಂದ ಜೆರಾರ್. ನಗಲಿಲ್ಲ. “ಮ್ವಾರಾನ್‌ನವರಿಗೂ ನೀನೇ ಒಂದ್ಸಲ ಹೋಗಿ ಹೇಳಿಬಿಡು.”

ನಮ್ಮ ಸಿಸ್ಟಮ್ಮನ್ನು ದಿನವೂ ಬಳಸುತ್ತಿದ್ದವರು ಹೊರಗೆ ಅವರೊಬ್ಬರೇ: ಸುತ್ತಲ ಊರುಗಳ ರಸ್ತೆ, ಚರಂಡಿಗಳ ನಕ್ಷೆ ಬರೆಯುವ, ಮ್ವಾರಾನ್ ಊರಿನ ಒಂದು ಸಣ್ಣ ಕಚೇರಿ. ಒಡೀಲಳ ಜೊತೆ ರೈಲಿನಲ್ಲಿ ನಾನೂ ಹೋದೆ. ಕಚೇರಿ ನಡೆಸುತ್ತಿದ್ದ ಸಿಲ್ವೆಟ್ ಫಾಯೋಲ್ ನಮಗೆ ಕಾಫಿ ಕೊಟ್ಟು, ತಾನು ಅರ್ಧಕ್ಕೆ ಬಿಟ್ಟಿದ್ದ ಕೆಲಸಕ್ಕೆ ತಿರುಗಿ ಕೋಣೆಯ ಆ ತುದಿಗೆ ಕೂಗಿದರು.

“ಗಿಲೆನ್, ಚರಂಡಿ ನಕ್ಷೆ ಯಾರದ್ರಲ್ಲಿದೆ?”

“ನಂದ್ರಲ್ಲೇ ಇರಬೇಕು. ತಾಳು, ಆನ್ ಮಾಡ್ತೀನಿ.”

ಒಡೀಲ್ ಲೋಟ ಕೆಳಗಿಟ್ಟಳು. “ಮದಾಂ, ಯಾರದ್ರಲ್ಲಿದೆ ಅಂತ ಯಾಕೆ ಕೇಳಿದ್ರಿ? ಅದೇ ಹುಡುಕ್ಕೊಳ್ಳತ್ತಲ್ಲ.”

ಸಿಲ್ವೆಟ್ ಮುಖ ಕೆಂಪಾಯಿತು. “ಗೊತ್ತು ಮದಾಂ, ನೀವು ಹೇಳಿಕೊಟ್ಟಿದ್ರಿ. ಆದ್ರೆ ಆ ಯಂತ್ರ ಆಫ್ ಆಗಿದ್ರೆ ನಮ್ಮ ಪರದೆ ಹಾಗೇ ನಿಂತುಬಿಡತ್ತೆ. ಬರ್ತಾ ಇದೆಯೋ, ಬರೋದೇ ಇಲ್ವೋ, ಏನೂ ಹೇಳಲ್ಲ. ಅದಕ್ಕೇ ಮೊದಲು ಕೂಗಿ ಕೇಳ್ಕೊಂಡುಬಿಡ್ತೀವಿ.”

“ಯಾವಾಗಿಂದ?”

“ಮೊದಲಿಂದಾನೂ. ನಾವೇ ಏನೋ ತಪ್ಪು ಒತ್ತುತಾ ಇದೀವಿ ಅಂದ್ಕೊಂಡ್ವಿ. ಪಾಪ, ನಿಮಗ್ಯಾಕೆ ತೊಂದರೆ ಕೊಡೋದು ಅಂತ ಸುಮ್ಮನಾದ್ವಿ.”

“ತಪ್ಪು ನಿಮ್ಮದಲ್ಲ,” ಎಂದಳು ಒಡೀಲ್. ಆಮೇಲೆ ಬಂದ ವಿಷಯ ಹೇಳಿದಳು: ಇದು ನಿಲ್ಲುತ್ತದೆ, ಇನ್ನೊಂದು ಬರುತ್ತದೆ.

“ಅದ್ರಲ್ಲೂ ಕೂಗಬೇಕಾ?” ಎಂದು ಆ ತುದಿಯಿಂದ ಗಿಲೆನ್ ಕೇಳಿದಳು. ಕಚೇರಿಯ ಉಳಿದ ಹೆಂಗಸರು ನಕ್ಕರು. ಒಡೀಲ್ ಕೂಡ ನಗಲು ನೋಡಿದಳು.

ವಾಪಸು ಬರುವಾಗ ನಾನು ಸಮಾಧಾನ ಹೇಳಿದೆ: “ಇದು ಯಾರಿಗೂ ಬಗೆಹರಿದಿಲ್ಲ ಕಣೇ. ದೂರದ ಯಂತ್ರ ನಿಂತಿದೆಯೋ, ನಿಧಾನ ಆಗಿದೆಯೋ, ಈ ಕಡೆ ಕೂತವರಿಗೆ ಹೇಗೆ ಗೊತ್ತಾಗಬೇಕು?”

“ಅದು ನಂಗೆ ಮೊದಲ ವರ್ಷವೇ ಗೊತ್ತಿತ್ತು,” ಎಂದಳು, ಕಿಟಕಿಯಿಂದ ಮುಖ ತಿರುಗಿಸದೆ. “‘ಉತ್ತರ ಬರ್ತಾ ಇಲ್ಲ’ ಅಂತ ಪರದೆ ಮೇಲೆ ಒಂದು ಸಾಲು ಹಾಕಬಹುದಿತ್ತು. ಹಾಕಿದ್ರೆ ಎಲ್ಲಾ ಸೇರಿ ಒಂದೇ ಕಂಪ್ಯೂಟರು ಅನ್ನೋ ನಮ್ಮ ಮಾತೇ ಸುಳ್ಳಾಗ್ತಿತ್ತಲ್ಲ. ಅದಕ್ಕೆ ನಾವ್ಯಾರೂ ಹಾಕಲಿಲ್ಲ. ಅವರು ತಮ್ಮದೇ ತಪ್ಪು ಅಂದ್ಕೊಂಡು ಕೂತಿದ್ರು.”

ಗ್ರೆನೋಬಲ್ ಬಂದಾಗ ನನಗಿಂತ ಮೊದಲು ಇಳಿದು ನೇರ ಪ್ರಯೋಗಾಲಯಕ್ಕೆ ನಡೆದಳು.

ಆ ಬೇಸಿಗೆ ತಾನು ಕಟ್ಟಿದ್ದನ್ನು ತಾನೇ ಬಿಚ್ಚಿದಳು. ಬೇರೆಯವರಿಗೆ ಒಪ್ಪಿಸು ಎಂದರೆ, ಅವರಿಗೆ ವಿವರಿಸುವಷ್ಟರಲ್ಲಿ ನನ್ನ ಕೆಲಸವೇ ಮುಗಿಯುತ್ತದೆ ಎನ್ನುತ್ತಿದ್ದಳು. ಹೊಸ ಪದರದಲ್ಲಿ ಕರೆದ ಯಂತ್ರ ಉತ್ತರಿಸದಿದ್ದರೆ ಅದರ ಹೆಸರು ಹಿಡಿದು ಹೇಳುವ ಸಾಲನ್ನು ಸೇರಿಸಿದಳು. ಜೆರಾರ್‌ಗೆ ಅದು ಹಿಡಿಸಲಿಲ್ಲ.

“ನೋಡೋಕೆ ಬಂದವರ ಮುಂದೆ ಇದೊಂದು ಕಾಣಿಸ್ಕೊಂಡ್ರೆ ಮರ್ಯಾದೆ ಹೋಗತ್ತೆ.”

“ಹೋಗಲಿ ಬಿಡು. ಬೇಡ ಅಂದ್ರೆ ನೀನೇ ಕೂತು ತೆಗಿ.”

ಅವನು ತೆಗೆಯಲಿಲ್ಲ. ಅವಳು ಬರೆದದ್ದನ್ನು ಕೂತು ಓದುವಷ್ಟು ತಾಳ್ಮೆ ಅವನಿಗೂ ಉಳಿದಿರಲಿಲ್ಲವೇನೋ.

ಮ್ವಾರಾನ್‌ನವರು ಅದನ್ನು ಕೆಲವು ತಿಂಗಳು ಬಳಸಿದರು. ಆಮೇಲೆ ಅಂಗಡಿಯಿಂದ ಸಿದ್ಧ ಪ್ರೋಗ್ರಾಮು ತಂದು, ನಕ್ಷೆಗಳನ್ನೆಲ್ಲ ಯಾವಾಗಲೂ ಆನ್ ಇರುವ ಒಂದೇ ಯಂತ್ರಕ್ಕೆ ತುಂಬಿಟ್ಟರು. ಸಿಲ್ವೆಟ್ ಫೋನಿನಲ್ಲಿ ಬಹಳ ಹೊತ್ತು ಕ್ಷಮೆ ಕೇಳಿದರಂತೆ. “ಸರಿ ಮಾಡಿದ್ರಿ ಮದಾಂ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ,” ಎಂದು ಒಡೀಲ್ ಫೋನಿಟ್ಟಳು. ಆ ವಾರವೇ ಪಾಠ ಮಾಡುವ ಕೆಲಸಕ್ಕೆ ಅರ್ಜಿ ಹಾಕಿದಳು.

ಈಗ ಎರಡನೇ ವರ್ಷದವರಿಗೆ ಆಪರೇಟಿಂಗ್ ಸಿಸ್ಟಮ್ ಕಲಿಸುತ್ತಾಳೆ. ಮಧ್ಯಾಹ್ನದ ಊಟವಾದ ಮೇಲಿನ ತರಗತಿ. ಹಿಂದಿನ ಬೆಂಚಿನವರು ತೂಕಡಿಸುತ್ತಿರುತ್ತಾರೆ. ಒಮ್ಮೆ ಹೋಗಿ ಕೊನೆಯಲ್ಲಿ ಕೂತಿದ್ದೆ. ದೂರದ ಯಂತ್ರಕ್ಕೆ ಕರೆ ಕಳಿಸಿದ್ದೀರಿ, ಉತ್ತರ ಬರಲಿಲ್ಲ, ಏನು ಮಾಡುತ್ತೀರಿ ಎಂದು ಕೇಳಿದಳು. ಮತ್ತೆ ಕಳಿಸ್ತೀವಿ ಎಂದರು. ಆಗಲೂ ಬರದಿದ್ದರೆ? ಸ್ವಲ್ಪ ಕಾಯ್ತೀವಿ. ಎಷ್ಟು ಹೊತ್ತು? ಮುಂದಿನ ಸಾಲಿನ ಹುಡುಗಿಯೊಬ್ಬಳು ಗೊತ್ತಿಲ್ಲ ಎಂದಳು.

ಒಡೀಲ್ ಕುತ್ತಿಗೆ ಉಜ್ಜಿಕೊಂಡಳು, ಅದೇ ಸರಿಯಾದ ಉತ್ತರ ಎಂದಳು, ಬೋರ್ಡು ಒರೆಸಿ ಪಾಠ ಮುಂದುವರಿಸಿದಳು.