ಮುಚ್ಚಿಗೆಯ ಬಳ್ಳಿ

ಕುದ್ರೋಳಿಯಲ್ಲಿದ್ದ ನನ್ನ ಅಜ್ಜನ ಮನೆಯ ಚಾವಡಿಗೆ ಹಲಸಿನ ಹಲಗೆಗಳ ಮುಚ್ಚಿಗೆ ಇತ್ತು. ಅದರ ಕೆಳಮೈಯಲ್ಲಿ ನನ್ನ ದೊಡ್ಡಮ್ಮ ಆರು ವರ್ಷ ಚಿತ್ರ ಬರೆದರು. ಉಮ್ಮನ ಅಕ್ಕ ಅವರು; ನಾನು ಮೂತ್ತಮ್ಮ ಎನ್ನುತ್ತಿದ್ದೆ. ಮದುವೆಯಾಗಿ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮಕ್ಕಳಿರಲಿಲ್ಲ. ಅಡುಗೆಮನೆಯ ಕೆಲಸ ಮುಗಿದು ಮಧ್ಯಾಹ್ನದ ಜೊಹರ್ ನಮಾಜೂ ಆದಮೇಲೆ ಎಲ್ಲರೂ ಒಂದು ನಿದ್ದೆ ತೆಗೆಯುವ ಹೊತ್ತಿಗೆ ಅವರು ಎರಡು ಏಣಿಗಳ ನಡುವೆ ಹಲಗೆ ಕಟ್ಟಿದ ಅಟ್ಟಣಿಗೆ ಹತ್ತಿ ಕೂರುತ್ತಿದ್ದರು.

ಬಣ್ಣಗಳನ್ನು ಅವರೇ ಮಾಡಿಕೊಳ್ಳುತ್ತಿದ್ದರು. ಕಾವಿ, ದೀಪದ ಮಸಿ, ಚಿಪ್ಪಿನ ಸುಣ್ಣ, ಬಟ್ಟೆಗೆ ಹಾಕುವ ನೀಲಿ, ಬಂದರಿನ ಅಂಗಡಿಯಿಂದ ತರಿಸಿದ ಹಳದಿ ಅರದಾಳ. ಗೇರುಮರದ ಅಂಟನ್ನು ನೆನೆಸಿ ಅದರಲ್ಲಿ ಇವನ್ನೆಲ್ಲ ಕಲಸುವುದು. ಕುಂಚವೆಂದರೆ ಕೇದಗೆಯ ಬಿಳಲು. ಅದರ ತುದಿಯನ್ನು ಹಲ್ಲಿನಿಂದ ಜಗಿದು ನಾರು ಮಾಡಿಕೊಳ್ಳುತ್ತಿದ್ದರು. ನಮ್ಮ ಮತದ ನಿಯಮದಂತೆ ಜೀವ ಇರುವ ಯಾವುದನ್ನೂ ಬರೆಯುವ ಹಾಗಿರಲಿಲ್ಲ. ಹಕ್ಕಿ ಬೇಡ, ಮೀನು ಬೇಡ. ಎಲೆ, ಮೊಗ್ಗು, ದಾಳಿಂಬೆ, ಎಂಟು ಮೂಲೆಯ ನಕ್ಷತ್ರ ಇಷ್ಟೆ.

ಅಜ್ಜನಿಗೆ ಬಂದರಿನಲ್ಲಿ ಅಕ್ಕಿಯ ಮಂಡಿ ಇತ್ತು. ಮಾತು ಕಡಿಮೆ, ಗದರಿಕೆ ಜಾಸ್ತಿ. ಮೂತ್ತಮ್ಮ ಮೊದಲ ಸಲ ಅಟ್ಟಣಿಗೆ ಹತ್ತಿದಾಗ ಅವರು ಅಜ್ಜಿಯ ಹತ್ತಿರ, "ಇದು ಮನೆಯಾ, ನಾಟಕದ ಕಂಪೆನಿಯಾ? ಏನು ಬೇಕಾದರೂ ಮಾಡಲಿ, ನನ್ನನ್ನು ಮಾತ್ರ ನೋಡಲಿಕ್ಕೆ ಕರೆಯಬೇಡಿ" ಎಂದಿದ್ದರಂತೆ. ನಿಜಕ್ಕೂ ಅವರು ನೋಡಲಿಲ್ಲ. ಬೆಳಿಗ್ಗೆ ಚಾವಡಿಯ ಮೂಲೆಯ ಕುರ್ಚಿಯಲ್ಲಿ ಚಾ ಕುಡಿದು ಹೋಗುವರು, ಮಧ್ಯಾಹ್ನ ಬಂದು ಮತ್ತೆ ಅದರಲ್ಲೇ ಒರಗುವರು. ಆರು ವರ್ಷ ಅವರ ತಲೆ ಮೇಲಕ್ಕೆ ಎದ್ದದ್ದನ್ನು ನಾನು ಕಾಣೆ.

ನನಗೆ ಹನ್ನೆರಡು ತುಂಬಿದ ವರ್ಷ, ರಮ್ಜಾನಿಗೆ ಹದಿನೈದು ದಿನ ಇರುವಾಗ, ಅಜ್ಜ ಬಂದರಿನಲ್ಲಿ ದೋಣಿ ನಿಲ್ಲುವ ದಕ್ಕೆಯಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಜಾರಿ ಬಿದ್ದರು. ಸೊಂಟದ ಕೆಳಗೆ ಎಲುಬು ಮುರಿಯಿತು. ಎತ್ತಿನ ಗಾಡಿಯಲ್ಲಿ ಮಲಗಿಸಿ ತಂದರು. ಎಲುಬು ಕಟ್ಟುವ ಪಂಡಿತರು ಬಿದಿರಿನ ದಬ್ಬೆ ಇಟ್ಟು ಬಿಗಿದು, "ಎರಡು ತಿಂಗಳು ಅಂಗಾತ ಮಲಗಬೇಕು. ಮಗ್ಗುಲು ತಿರುಗಲಿಕ್ಕೇ ಇಲ್ಲ" ಎಂದರು. ಮಹಡಿಗೆ ಹತ್ತಿಸುವ ಹಾಗಿರಲಿಲ್ಲ. ಚಾವಡಿಯ ನಡುವೆಯೇ ಮಂಚ ಹಾಕಿದರು.

ಅದೇ ವರ್ಷ ನನ್ನನ್ನು ಶಾಲೆ ಬಿಡಿಸಿದ್ದರು. ಅಜ್ಜನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಬರುವ ಪತ್ರಿಕೆಯನ್ನು ದಿನಾ ಬೆಳಿಗ್ಗೆ ಮಂಚದ ಪಕ್ಕದಲ್ಲಿ ಕೂತು ನಾನು ಸ್ವಲ್ಪ ಸ್ವಲ್ಪ ಓದಿ, ನಮ್ಮ ಬ್ಯಾರಿ ಮಾತಿನಲ್ಲಿ ಹೇಳಬೇಕಿತ್ತು. ಮೊದಲ ಕೆಲವು ದಿನ ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ನೋವಿಗೆ ಮುಚ್ಚಿದ್ದರೋ ಹಟಕ್ಕೋ ಗೊತ್ತಿಲ್ಲ. ಆಮೇಲೆ ಕಣ್ಣು ತೆರೆದರು. ಅಂಗಾತ ಮಲಗಿದವರಿಗೆ ಬೇರೆ ಕಾಣುವುದಾದರೂ ಎಂತ?

ಒಂದು ದಿನ ನಾನು ಅಕ್ಕಿಯ ಧಾರಣೆ ಓದುತ್ತಿದ್ದೆ. ಅಜ್ಜ ನಡುವೆ ಬಾಯಿ ಹಾಕಿದರು.

"ಆ ಬಳ್ಳಿ ಎಲ್ಲಿ ಹೋಯ್ತು?"

"ಯಾವ ಬಳ್ಳಿ ಅಜ್ಜ?"

"ಅದೋ, ಆ ತೊಲೆಯ ಹತ್ತಿರ. ಈಚೆಯಿಂದ ತೊಲೆಯ ಹಿಂದೆ ಹೋದದ್ದು ಆಚೆ ಬದಿಯಲ್ಲಿ ಹೊರಗೆ ಬಂತು. ಸರಿಯಾಗಿ ನೋಡು."

ನಾನು ಕತ್ತೆತ್ತಿ ನೋಡಿದೆ. ತೊಲೆಗಳು ಮುಚ್ಚಿಗೆಯನ್ನು ಹನ್ನೊಂದು ಅಂಕಣಗಳಾಗಿ ಮಾಡಿದ್ದವು. ಒಂದರಲ್ಲಿ ಮಲ್ಲಿಗೆ, ಒಂದರಲ್ಲಿ ಕಾಳುಮೆಣಸು, ಇನ್ನೊಂದರಲ್ಲಿ ದಾಳಿಂಬೆ. ನಾವೆಲ್ಲ ಅವನ್ನು ಹತ್ತು ಬೇರೆ ಬೇರೆ ಚಿತ್ರ ಎಂದೇ ತಿಳಿದಿದ್ದೆವು. ಅಜ್ಜ ಬೆರಳು ತೋರಿಸುತ್ತ ಹೋದರು. ಮುಂಬಾಗಿಲ ಮೇಲೆ ಕಿರುಬೆರಳಷ್ಟು ಸಪೂರವಾಗಿ ಒಂದು ಕಾಂಡ ಹುಟ್ಟಿತ್ತು. ಅದು ಮಲ್ಲಿಗೆಯ ಎಲೆಗಳ ಹಿಂದೆ ಸರಿದು ಮೊದಲ ತೊಲೆಯ ಮರೆಗೆ ಹೋಗಿ, ಆಚೆ ಮೆಣಸಿನ ಬಳ್ಳಿಯಾಗಿ ಏಳುತ್ತಿತ್ತು. ಅಲ್ಲಿಂದ ನಕ್ಷತ್ರವನ್ನು ಒಂದು ಸುತ್ತು ಬಳಸಿ ಮುಂದಿನ ತೊಲೆಗೆ. ಎಲ್ಲಿಯೂ ಕಡಿದಿರಲಿಲ್ಲ. ಇಡೀ ಚಾವಡಿಯ ಮೇಲೆ ಇದ್ದದ್ದು ಒಂದೇ ಬಳ್ಳಿ.

ಅದರ ಅಡಿಯಲ್ಲೇ ಉಂಡು, ಆಡಿ, ಜಗಳ ಮಾಡಿ ಬೆಳೆದವಳು ನಾನು. ಒಂದು ದಿನವೂ ಕಂಡಿರಲಿಲ್ಲ.

"ಹತ್ತು ಅಂಕಣ ದಾಟಿ ಅಲ್ಲಿ ನಿಂತುಹೋಗಿದೆ," ಎಂದು ಅಜ್ಜ ಮೂಲೆಯ ಖಾಲಿ ಹಲಗೆ ತೋರಿಸಿದರು. "ಯಾಕೆ ನಿಲ್ಲಿಸಿದ್ದು ಅಂತ ಅವಳಲ್ಲಿ ಕೇಳಿ ಬಾ."

ಮೂತ್ತಮ್ಮ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಕೇಳಿದ್ದಕ್ಕೆ ಗಾಬರಿಯಾದರು. "ಅಲ್ಲಿ ಬಾಪನ ಕುರ್ಚಿ ಉಂಟಲ್ಲ? ಅಟ್ಟಣಿಗೆ ಇಡಬೇಕಾದರೆ ಅದನ್ನು ಸರಿಸಬೇಕು. ಹೇಗೆ ಹೇಳಲಿ ಅವರಿಗೆ?"

ಆ ಉತ್ತರ ತಂದು ಒಪ್ಪಿಸಿದೆ. ಅಜ್ಜ ಮೂಲೆಯ ಕುರ್ಚಿಯತ್ತ ಕಣ್ಣು ಹೊರಳಿಸಿದರು. ಆಮೇಲೆ, "ಈಗ ಕುರ್ಚಿಯಲ್ಲಿ ಯಾರೂ ಇಲ್ಲ. ಮಾಡಲಿಕ್ಕೆ ಹೇಳು" ಎಂದರು.

ಆ ಇಡೀ ರಮ್ಜಾನ್ ತಿಂಗಳು ಮೂತ್ತಮ್ಮ ಕೊನೆಯ ಅಂಕಣ ಬರೆದರು. ಉಪವಾಸದಲ್ಲಿ ಬಿಳಲನ್ನು ಜಗಿಯುವ ಹಾಗಿಲ್ಲ. ಕಲ್ಲಿನ ಮೇಲಿಟ್ಟು ಗುದ್ದಿ ನಾರು ಮಾಡಿಕೊಂಡರು. ಬಾಯಿ ಒಣಗಿ, ಕತ್ತು ಹಿಂದಕ್ಕೆ ಬಾಗಿಸಿ, ಮುಖದ ಮೇಲೆ ಬಣ್ಣದ ಹನಿ ಬೀಳಿಸಿಕೊಳ್ಳುತ್ತ ಒಂದೊಂದೇ ಎಲೆ. ಕೆಳಗಿನಿಂದ ಅಜ್ಜನ ಸ್ವರ: "ಎಡಕ್ಕೆ ಖಾಲಿ ಕಾಣುತ್ತದೆ." "ಹೂಂ ಬಾಪ." "ಆ ಎಲೆ ದಪ್ಪ ಆಯ್ತು." "ಅದು ಬಿಸಿಲಿನ ಕಡೆ ಬಾಪ, ದಪ್ಪವೇ ಇರಬೇಕು." ಅಪ್ಪನ ಎದುರು ಮೂತ್ತಮ್ಮ ಇಷ್ಟು ಮಾತಾಡಿದ್ದನ್ನು ಉಮ್ಮ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು.

ಪೆರ್ನಾಲಿಗೆ, ಅಂದರೆ ಹಬ್ಬಕ್ಕೆ, ಎರಡು ದಿನ ಇರುವಾಗ ಕೆಲಸ ಮುಗಿಯಿತು. ಹಬ್ಬದ ದಿನ ಮಾಮಂದಿರು ಈದ್ಗಾದಿಂದ ಮಕ್ಕಳೊಂದಿಗೆ ಬಂದರು. ಬಂದರಿನಿಂದ, ಉಳ್ಳಾಲದಿಂದ, ದೂರದ ಕಾಟಿಪಳ್ಳದಿಂದ ನೆಂಟರು ಸೇರಿದರು. ನಲವತ್ತು ಜನ ಇದ್ದಿರಬೇಕು. ನೆಲದಲ್ಲಿ ಊಟದ ಸುಪ್ರ ಹಾಸಿ ದೊಡ್ಡ ತಟ್ಟೆಗಳ ಸುತ್ತ ಕೂತು ತುಪ್ಪದನ್ನ, ಮಾಂಸದ ಸಾರು ಉಂಡರು. ಕೈ ತೊಳೆದು ಎಲ್ಲರೂ ಅಜ್ಜನಿಗೆ ಸಲಾಂ ಹೇಳಲು ಬಂದಾಗ ಅವರು ದೊಡ್ಡ ಮಾಮನಿಗೆ, "ಮಲಗು" ಎಂದರು.

"ಎಂತ ಬಾಪ?"

"ಚಾಪೆ ಹಾಕಿ ಮಲಗು. ಎಲ್ಲರೂ ಮಲಗಿ. ಅಂಗಾತ."

ಅಜ್ಜನ ಮಾತು ಮೀರುವವರು ಯಾರು? ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜರಿಯ ಟೊಪ್ಪಿ, ಅತ್ತರಿನ ಪರಿಮಳ ಸಮೇತ ಗಂಡಸರೆಲ್ಲ ಚಾವಡಿ ತುಂಬ ಸಾಲಾಗಿ ಮಲಗಿದರು. ಒಂದಿಬ್ಬರು ನಕ್ಕರು. ಅಜ್ಜ ಮುಂಬಾಗಿಲ ಮೇಲಿನ ಕಾಂಡದಿಂದ ಶುರು ಮಾಡಿ ಬೆರಳಿನಿಂದ ಬಳ್ಳಿಯ ದಾರಿ ತೋರಿಸಿದರು. ಎರಡನೆಯ ತೊಲೆ ದಾಟುವಷ್ಟರಲ್ಲಿ ನಗು ನಿಂತಿತ್ತು. ಆಮೇಲೆ ಕೇಳಿದ್ದು ಯಾರೋ ಮೆಲ್ಲಗೆ ಹೇಳಿದ "ಮಾಶಾ ಅಲ್ಲಾ."

ಗಂಡಸರು ಎದ್ದು ಜಗಲಿಗೆ ಹೋದಮೇಲೆ ಹೆಂಗಸರ ಸರದಿ. "ಅವಳೆಲ್ಲಿ?" ಎಂದು ಅಜ್ಜ ಕೇಳಿದರು. ಮೂತ್ತಮ್ಮ ಪಾತ್ರೆ ತೊಳೆಯುತ್ತಿದ್ದರು. ನಾನು ಕೈ ಹಿಡಿದು ಎಳೆದು ತಂದೆ. ಒದ್ದೆ ಕೈಯನ್ನು ಸೆರಗಿಗೆ ಒರಸಿ ಅವರು ಅಜ್ಜನ ಮಂಚದ ಪಕ್ಕದಲ್ಲಿ ಮಲಗಿದರು.

ಆಗ ನನಗೆ ಹೊಳೆಯಿತು: ಅವರೂ ಅದನ್ನು ಒಟ್ಟಾಗಿ ನೋಡಿರಲಿಲ್ಲ. ಬರೆಯುವಾಗ ಮುಚ್ಚಿಗೆ ಮೂಗಿನ ಹತ್ತಿರ ಇರುತ್ತಿತ್ತು. ಕೆಳಗಿಳಿದರೆ ಕೆಲಸ ಕಾಯುತ್ತಿತ್ತು. ಚಾವಡಿಯಲ್ಲಿ ಮಲಗುವ ಪುರುಸೊತ್ತು ಅವರಿಗೆ ಯಾವತ್ತು ಸಿಕ್ಕಿತ್ತು? ಅವರ ಕಣ್ಣು ಬಾಗಿಲಿನಿಂದ ಹೊರಟು ತೊಲೆಯಿಂದ ತೊಲೆಗೆ ನಿಧಾನವಾಗಿ ಹೋಯಿತು. ಮೂಲೆ ಮುಟ್ಟಿದಮೇಲೂ ಏಳಲಿಲ್ಲ.

"ಇದು ನಾನು ಮಾಡಿದ್ದಾ ಬಾಪ?" ಎಂದರು. ಅನುಮಾನವೇ ಇತ್ತು ಸ್ವರದಲ್ಲಿ.

"ನೀನೇ. ನಾನು ನೋಡಿದ್ದೇನಲ್ಲ," ಎಂದರು ಅಜ್ಜ.

ಮಳೆಗಾಲ ಮುಗಿಯುವಾಗ ಅಜ್ಜ ಕೋಲು ಹಿಡಿದು ನಡೆದರು. ಮೊದಲ ಸಲ ಮಂಡಿಗೆ ಹೋದ ದಿನ ಅರದಾಳದ ಪೊಟ್ಟಣವನ್ನು ತಾವೇ ತಂದು ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟರು. ಮುಂದೆ ಕುದ್ರೋಳಿಯ ಎಷ್ಟೋ ಮನೆಗಳಿಂದ ಮದುವೆಯ ಕೋಣೆಗೆ ಬಳ್ಳಿ ಬರೆಯಲು ಕರೆ ಬಂತು. ಮೂತ್ತಮ್ಮ ಪರದೆ ಕಟ್ಟಿದ ಗಾಡಿಯಲ್ಲಿ ಹೋಗಿ ಬರೆದು ಬರುತ್ತಿದ್ದರು.

ನಾನೂ ಕಲಿಯುತ್ತೇನೆಂದು ಒಂದು ದಿನ ಅವರ ಜೊತೆ ಅಟ್ಟಣಿಗೆ ಹತ್ತಿದೆ. ಒಂದು ಎಲೆ ಮುಗಿಯುವ ಮೊದಲೇ ಕತ್ತು ಸಿಡಿಯತೊಡಗಿತು, ತೋಳು ನಡುಗಿತು, ಕಣ್ಣಿಗೆ ಸುಣ್ಣದ ಹನಿ ಬಿತ್ತು. ಇಳಿದು ನೆಲದ ಮೇಲೆ ಮಲಗಿ ಅವರ ಕೈಯನ್ನು ನೋಡಿದೆ. ಅದು ನಿಂತಿರಲಿಲ್ಲ.