ಹಾಜರಿ ಪುಸ್ತಕದ ಕೆಂಪು ಗೆರೆ

ಯಾದಗಿರಿಯಲ್ಲಿ ಬೀಜದಂಗಡಿಯ ಮೇಲಿನ ಕೋಣೆಯಲ್ಲಿ ನಮಗೆ ಲೆಕ್ಕಪತ್ರದ ಕೋರ್ಸ್ ಕಲಿಸುತ್ತಿದ್ದ ಮಾಸ್ತರರು ರಬ್ಬರ್ ಕಂಡರೆ ಸಾಕು, ಎತ್ತಿ ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕಂಪ್ಯೂಟರ್ ಮುಟ್ಟುವ ಮೊದಲು ಮೂರು ತಿಂಗಳು ಕೈಯಲ್ಲೇ ಖಾತೆ ಬರೆಯಬೇಕು. ಅಂಕಿ ತಪ್ಪಿದರೆ ಅಳಿಸುವಂತಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಮಾಡಬೇಕು.

"ತಪ್ಪು ಕಾಣಬೇಕ್ರಿ. ಯಾರ ಮಾಡ್ಯಾರ ಅನ್ನೋದೂ ಕಾಣಬೇಕು," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನನಗೋ ಸಿಟ್ಟು ಬರುತ್ತಿತ್ತು. ನನ್ನ ಪುಟದಲ್ಲಿ ಅಂಕಿಗಿಂತ ಸಹಿಗಳೇ ಹೆಚ್ಚಿರುತ್ತಿದ್ದವು.

ಅಷ್ಟರಲ್ಲಿ ಅವ್ವ ಬಿದ್ದು ಕಾಲು ಮುರಿದುಕೊಂಡಳು. ಒಂದೂವರೆ ತಿಂಗಳು ನಾನು ನಮ್ಮೂರು ರಾಮಸಮುದ್ರದಿಂದ ಬಸ್ಸು ಹತ್ತಲಿಲ್ಲ, ಮಾಸ್ತರರಿಗೆ ಹೇಳಿಯೂ ಕಳಿಸಲಿಲ್ಲ. ಪರೀಕ್ಷೆಯ ಫಾರ್ಮ್ ತುಂಬುವ ಕೊನೆಯ ದಿನ ಹೆದರುತ್ತಲೇ ಮೆಟ್ಟಿಲು ಹತ್ತಿದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿತ್ತು.

"ಅವ್ವ ಬಿದ್ದು ಕಾಲ ಮುರಕೊಂಡಿದ್ಲರಿ ಸರ," ಅಂದೆ.

ಅವರು ಆ ಗೆರೆಯ ಮೇಲೆ ಬೆರಳಿಟ್ಟರು. "ಯಾಕ ಬರಲಿಲ್ಲ ಅಂತ ನಾ ಕೇಳಬೇಕಿತ್ತು ತಂಗಿ. ಕೇಳದೇ ಗೆರಿ ಹೊಡದೀನಿ."

ಗೆರೆ ಹೊಡೆದ ಹೆಸರಿನ ಮೇಲ್ಗಡೆ ನನ್ನ ಹೆಸರನ್ನು ಮತ್ತೆ ಬರೆದರು. ಆಮೇಲೆ, ಇಡೀ ತರಗತಿ ನೋಡುತ್ತಿರುವಾಗ, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು.

ಈಗ ನಾನು ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ತಪ್ಪಿದ ಅಂಕಿಯ ಪಕ್ಕ ಸಹಿ ಹಾಕುವಾಗ ನನಗೆ ನಾಚಿಕೆಯಾಗುವುದಿಲ್ಲ.