ನಳಿಗೆಯಲ್ಲಿ ಬೆಳಕು

೧೯೪೬ರ ವಿಜಯದಶಮಿ, ಬೆಳಿಗ್ಗೆ ಆರು ಗಂಟೆ. ಹಿರೇಕೊಟ್ನೆಕಲ್ಲಿನ ನಮ್ಮ ಹೊಲದಲ್ಲಿದ್ದವರು ನಾನು, ನಮ್ಮತ್ತೆ, ಶಿಕಾರಿಯ ಹೆಂಡತಿ; ನನಗೆ ಬಂದೂಕು ಕಲಿಸುತ್ತಿದ್ದವರು ಆಕೆಯೇ. ಗಂಡಸರು ರಾಯಚೂರಿಗೆ ಹೋದಾಗ ಜೋಳಕ್ಕೆ ನುಗ್ಗುವ ಹಂದಿಗಳನ್ನು ಓಡಿಸುವುದು ನನ್ನ ಪಾಲಿನ ಕೆಲಸ. ಅಂದು ನನ್ನ ಮೊದಲ ಗುಂಡು!

ಶಿಕಾರಿಯ ಹೆಂಡತಿ ಬಂದೂಕಿನ ತೋಟಾಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿರುತ್ತಿದ್ದರು. ಗಂಟು ಬಿಚ್ಚುವ ಮುನ್ನ ಯಾವಾಗಲೂ ಒಂದೇ ಮಾತು: “ಬೆಳಕು ಕಂಡ್ತೇನ್ ಬೇ?”

ಬಂದೂಕನ್ನು ಮಡಚಿ ತೆರೆದು, ನಳಿಗೆಯನ್ನು ಹಿಂದಿನಿಂದ ನೋಡಿದೆ. “ಇಲ್ರಿ, ಬರೇ ಕತ್ತಲ ಅದ!”

ಅವರು ಗಂಟನ್ನು ಇನ್ನಷ್ಟು ಬಿಗಿದು, ಉದ್ದನೆಯ ಕಡ್ಡಿ ತೂರಿಸಿದರು. ಕುಂಕುಮ ಮೆತ್ತಿದ ಚೆಂಡುಹೂವು ನೆಲಕ್ಕೆ ಬಿತ್ತು.

“ನಿನ್ನಿ ಆಯುಧ ಪೂಜಿಗೆ ನಾನೇ ಮುಡಿಸಿದ್ದೆ,” ಎಂದರು ಅತ್ತೆ.

“ಹೂವು ಸೊಸಿಗೆ ಮುಡಸ್ರಿ, ಯವ್ವಾ! ಇದಕ್ಕ ಮುಡಿಸಿದ್ರ ನಳಿಗಿ ಒಡದು ಆಕಿ ಕಣ್ಣ ಹೋಕ್ಕಾವ.”

ಅತ್ತೆ ನನ್ನ ಕೈ ಹಿಡಿದುಕೊಂಡರು.

ಮತ್ತೆ ನೋಡಿದೆ. ಬೆಳಕು! ಗುಂಡು ಹಾರಿತು, ಗುರಿಗಿಟ್ಟಿದ್ದ ಮಡಕೆ ಚೂರಾಯಿತು, ಅತ್ತೆ ಕೇಕೆ ಹಾಕಿದರು.

ಸಂಜೆ ಬನ್ನಿ ಹಂಚಿ ಬಂದು ನಳಿಗೆ ಒರೆಸಿದೆ. ಗೂಟಕ್ಕೆ ತೂಗುಹಾಕಲು ಹೋದರೆ ಅತ್ತೆ ತಡೆದರು. “ಬೆಳಕು ಕಂಡ್ತೇನ್ ಬೇ?” ಎಂದು ತಾವೇ ಇಣುಕಿ ನೋಡಿ, ಆಮೇಲೆ ತೂಗುಹಾಕಿದರು.